ನೂಕಬಹುದು, ಎಳೆಯಬಾರದು

ಮೌನಪ್ಪನಿಗೆ ಆ ಹೆಸರನ್ನು ಹಿರಿಯರು ದೇವರ ಮೇಲಿನ ಭಕ್ತಿಯಿಂದ ಇಟ್ಟರು. ಅವನು ಅದನ್ನು ಆಜ್ಞೆಯೆಂದು ತಿಳಿದು ಪಾಲಿಸಿಕೊಂಡು ಬಂದ. ಶಹಾಪುರದ ಕಡೆಯ ಹಳ್ಳಿಯಿಂದ ಹತ್ತೊಂಬತ್ತಕ್ಕೆ ಹೈದರಾಬಾದಿಗೆ ಬಂದವನು, ಮೂವತ್ತಮೂರಾಗುವ ಹೊತ್ತಿಗೆ ಲಿಂಗಂಪಲ್ಲಿಯ ಸುತ್ತ ಎದ್ದು ನಿಂತ ಅಪಾರ್ಟ್‌ಮೆಂಟುಗಳಲ್ಲಿ ಅರ್ಧಕ್ಕೆ ಸಿಮೆಂಟ್ ಹೊತ್ತು ಮುಗಿಸಿದ್ದ. ಬಾಗಿಲು ಕೂತ ಮೇಲೆ ಆ ಮನೆಗಳಲ್ಲಿ ಒಂದರ ಹೊಸ್ತಿಲನ್ನೂ ದಾಟಿರಲಿಲ್ಲ. ಒಂದು ಕಟ್ಟಡ ಮುಗಿದರೆ ಕೂಲಿಯವರ ತಗಡಿನ ಶೆಡ್ಡು ಮುಂದಿನ ಕಟ್ಟಡದ ಪಕ್ಕಕ್ಕೆ ಹೋಗುತ್ತಿತ್ತು, ಶೆಡ್ಡಿನ ಹಿಂದೆ ಅವನೂ ಹೋಗುತ್ತಿದ್ದ. ಅಪ್ಪ, ಅವ್ವ ತೀರಿಕೊಂಡಿದ್ದರು. ತಂಗಿ ಅನ್ನಮ್ಮ ಗಂಡನ ಮನೆ ಸೇರಿ ತನ್ನ ಮಕ್ಕಳಲ್ಲಿ ಮುಳುಗಿಹೋಗಿದ್ದಳು. ಮದುವೆಯ ಮಾತು ಎರಡು ಸಲ ಬಂತು. ಹುಡುಗ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ ಎಂದು ಎರಡು ಸಲವೂ ಬೀಗರಾಗುವವರು ಚಹಾ ಕುಡಿದು ಎದ್ದು ಹೋದರು. ಹೀಗೆ ನೆರೆಹೊರೆ ಎನ್ನುವ ಮಾತಿನಲ್ಲಿ ಅವನ ಪಾಲಿಗೆ ಬಂದದ್ದು ಅರ್ಧ ಮಾತ್ರ, ಹೊರೆ.

ಆದರೂ ಒಂಬತ್ತು ವರ್ಷ ಅವನಿಗೊಬ್ಬ ಜೋಡಿ ಇದ್ದ. ಕಾಶಿನಾಥ, ಪಕ್ಕದ ಊರಿನವನು, ಮೌನಪ್ಪನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುವವನು. ಸಿಮೆಂಟ್ ಹೊರುವ ಕೆಲಸ ಜೋಡಿಯಿಲ್ಲದೆ ನಡೆಯುವುದಿಲ್ಲ. ಲಾರಿಯಿಂದ ಇಳಿದ ಚೀಲ ಇಳಿಜಾರು ಹಲಗೆಯ ಮೇಲೆ ಹಾದು ಮೇಲಕ್ಕೆ ಹೋಗಬೇಕು. ಐವತ್ತು ಕಿಲೋ ಕತ್ತಿನ ಹಿಂದೆ ಕೂತಿತೆಂದರೆ ಹೊತ್ತವನಿಗೆ ತನ್ನ ಕಾಲಿನ ಹೆಬ್ಬೆರಳು ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣುವುದಿಲ್ಲ. ಒಂದು ಕೈ ಚೀಲಕ್ಕೆ, ಇನ್ನೊಂದು ಖಾಲಿ. ಹಲಗೆ ಕಡಿದಾಗುವ ಜಾಗದಲ್ಲಿ, ತನ್ನ ಚೀಲ ಇಳಿಸಿ ಬಂದ ಜೋಡಿ ನಿಂತು ಆ ಖಾಲಿ ಕೈ ಹಿಡಿದು ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಇದಕ್ಕೆ ಕೈ ಕೊಡುವುದು ಎನ್ನುತ್ತಾರೆ. ಹೊತ್ತವನ ಬೆನ್ನಿಗೆ ಮಾತ್ರ ಕೈ ಹಚ್ಚಕೂಡದು. ಹಿಂದಿನ ಕೈ ಅವನಿಗೆ ಕಾಣುವುದಿಲ್ಲ; ಒತ್ತಿದರೆ ಭಾರ ಮುಂದಕ್ಕೆ ಹೋಗುತ್ತದೆ, ಭಾರದ ಹಿಂದೆ ಮನುಷ್ಯ ಹೋಗುತ್ತಾನೆ. ಇದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಬರೆಯಲು ಬಾರದವರ ಕಾನೂನು, ಆದ್ದರಿಂದ ಯಾರೂ ಮುರಿಯುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅದನ್ನು ಮುರಿದವನು ಮೌನಪ್ಪ.

ಅಂದು ಮಧ್ಯಾಹ್ನ ಮೋಡ ಕವಿದು ಹನಿ ಶುರುವಾಗಿತ್ತು. ಲಾರಿಯಲ್ಲಿ ಇನ್ನೂ ನಲವತ್ತು ಚೀಲವಿತ್ತು. ಮೇಸ್ತ್ರಿ ಗುರುಬಸವ ಕೆಳಗೆ ನಿಂತು, ಮಳೆಗೂ ಕೂಲಿಯವರಿಗೂ ಒಟ್ಟಿಗೇ ಬೈಯುತ್ತಿದ್ದ. ಕೈ ಕೊಡುವಷ್ಟು ಪುರುಸೊತ್ತಿಲ್ಲದೆ ಜೋಡಿಗಳು ಒಬ್ಬರ ಹಿಂದೊಬ್ಬರು ಹೊತ್ತುಕೊಂಡೇ ಹತ್ತುತ್ತಿದ್ದರು. ಹಲಗೆಯ ನಡುವೆ ಕಾಶಿನಾಥ ಉಸಿರಿಗೆಂದು ನಿಂತ. ಹಿಂದಿದ್ದ ಮೌನಪ್ಪ ‘ನಡಿ’ ಎಂದಿದ್ದರೆ ಸಾಕಿತ್ತು. ಮಾತು ಖರ್ಚು ಮಾಡಿ ಅಭ್ಯಾಸವಿಲ್ಲದ ಅವನು ಖಾಲಿ ಕೈಯನ್ನು ಕಾಶಿನಾಥನ ಬೆನ್ನಿಗೆ ಹಚ್ಚಿ ಒಂದಿಷ್ಟು ಒತ್ತಿದ. ಬಾಗಿಲು ದೂಡುತ್ತೇವಲ್ಲ, ಅಷ್ಟೇ.

ಕಾಶಿನಾಥ ಎಂಟು ಅಡಿ ಕೆಳಗೆ ಬಿದ್ದ. ಚೀಲ ಅವನ ಸೊಂಟದ ಮೇಲೆ ಬಿತ್ತು.

ಹಲಗೆ ಹಸಿಯಾಗಿತ್ತು ಎಂದರು ಎಲ್ಲರೂ. ಕಾಲು ಜಾರಿತು ಎಂದ ಕಾಶಿನಾಥನೂ. ಮೌನಪ್ಪ ಏನೂ ಅನ್ನಲಿಲ್ಲ. ಅವನು ಏನಾದರೂ ಅಂದಿದ್ದರೇ ಜನಕ್ಕೆ ಸಂಶಯ ಬರುತ್ತಿತ್ತು. ಮೂರನೆಯ ದಿನ ಒಂದು ಡಜನ್ ಬಾಳೆಹಣ್ಣು ಹಿಡಿದು ಆಸ್ಪತ್ರೆಯ ಗೇಟಿನ ತನಕ ಹೋದ. ಹಣ್ಣನ್ನು ವಾಚ್‌ಮನ್ ಕೈಗೆ ಕೊಟ್ಟು, ವಾರ್ಡ್ ನಂಬರು ಹೇಳಿ, ಬಂದ ದಾರಿಯಲ್ಲೇ ವಾಪಸಾದ. ತಿಂಗಳ ಮೇಲೆ ಕಾಶಿನಾಥನನ್ನು ಊರಿಗೆ ಕರೆದೊಯ್ದರು. ಅಲ್ಲಿ ಈಗ ರಸ್ತೆ ಬದಿಗೆ ಸಣ್ಣ ಡಬ್ಬಿ ಅಂಗಡಿಯಲ್ಲಿ ಕೂತಲ್ಲೇ ಕೂತು ಬೀಡಿ, ಬಿಸ್ಕಿಟು ಮಾರುತ್ತಾನೆಂದು ಸುದ್ದಿ ಬಂತು. ಅವನ ಫೋನ್ ನಂಬರೂ ಬಂತು. ಮೌನಪ್ಪ ಆ ನಂಬರನ್ನು ಬಾಯಿಪಾಠ ಮಾಡಿದ, ಒತ್ತಲಿಲ್ಲ. ಮತ್ತೆ ಜೋಡಿಯನ್ನೂ ಮಾಡಿಕೊಳ್ಳಲಿಲ್ಲ. ಕಡಿದಾದ ಜಾಗದಲ್ಲಿ ಯಾರಾದರೂ ಕೈ ಚಾಚಿದರೆ, ಕಾಣದವನಂತೆ ಹೆಬ್ಬೆರಳು ನೋಡಿಕೊಂಡು ಹತ್ತಿಬಿಡುತ್ತಿದ್ದ.

ಇಂಥವನನ್ನು ಆಟದ ಮೈದಾನಕ್ಕೆ ಎಳೆದು ತಂದವನು ಶಾಂತಕುಮಾರ. ಬೀದರಿನವನು, ನಾರಾಯಣಗೂಡದ ಕೋಚಿಂಗ್ ಸೆಂಟರೊಂದರಲ್ಲಿ ಫಿಜಿಕ್ಸ್ ಹೇಳುತ್ತಿದ್ದ. ವಾರದ ಆರು ದಿನ ಕೋಚಿಂಗು, ಏಳನೆಯ ದಿನ ಕೋಚು. ಅವನ ತಂಡದ ಹೆಸರು ಲಿಂಗಂಪಲ್ಲಿ ಬುಲ್‌ಡೋಜರ್ಸ್. ಆಡುವುದು ಅಮೆರಿಕದವರ ಫುಟ್‌ಬಾಲು. ಆ ಆಟದಲ್ಲಿ ಹೆಸರು ಕಾಲಿಗೆ, ಕೆಲಸವೆಲ್ಲ ಕೈಗೆ. ಚೆಂಡು ಸುಲಿದ ತೆಂಗಿನಕಾಯಿಯ ಆಕಾರದ್ದು. ಒಬ್ಬ ಅದನ್ನು ಬಗಲಲ್ಲಿ ಅವುಚಿಕೊಂಡು ಎದುರಿನವರ ಗೆರೆ ದಾಟಲು ಓಡುತ್ತಾನೆ, ಎದುರಿನವರು ಅವನನ್ನು ಕೆಡವುತ್ತಾರೆ, ಅವನ ಕಡೆಯವರು ಕೆಡವುವವರನ್ನು ಕೆಡವುತ್ತಾರೆ. ಹೈದರಾಬಾದಿನಲ್ಲಿ ಬಸ್ಸು ಹತ್ತಿ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ.

ಒಂದು ಭಾನುವಾರ ಕಸರತ್ತಿಗೆಂದು ಟೆಂಪೋದಲ್ಲಿ ಮರಳಿನ ಚೀಲ ತರಿಸಿದ್ದರು. ಜಿಮ್ಮಿನಲ್ಲಿ ತೋಳು ಬೆಳೆಸಿದ ಹುಡುಗರು ಇಬ್ಬಿಬ್ಬರು ಸೇರಿ ಒಂದೊಂದು ಚೀಲವನ್ನು ಹೆಣದಂತೆ ಹೊರುತ್ತಿದ್ದರು. ಪಕ್ಕದ ಶೆಡ್ಡಿನೆದುರು ಬನಿಯನ್ ಹಿಂಡುತ್ತಿದ್ದ ಮೌನಪ್ಪನಿಗೆ ನೋಡಲಾಗಲಿಲ್ಲ. ಎದ್ದು ಹೋಗಿ, ಹೆಗಲಿಗೊಂದರಂತೆ ಎರಡು ಚೀಲ ಏರಿಸಿಕೊಂಡು ಮೈದಾನದ ಆಚೆ ತುದಿಗೆ ಇಟ್ಟು, ವಾಪಸು ಬಂದು ಮತ್ತೆರಡಕ್ಕೆ ಕೈ ಹಾಕಿದ.

ಶಾಂತಕುಮಾರ ಹಿಂದಿಯಲ್ಲಿ ಹೆಸರು ಕೇಳಿದ.

“ಮೌನಪ್ಪ.”

“ಅರೆ, ನಮ್ಮ ಕಡೆಯವ್ರೇನ್ರಿ! ಫುಟ್‌ಬಾಲ್ ಆಡ್ತೀರೇನು?”

“ಬರಂಗಿಲ್ರಿ.”

“ಇವರಿಗ್ಯಾರಿಗೂ ಬರಂಗಿಲ್ಲ. ನೀವು ಬರ್ರಿ.”

ಮೌನಪ್ಪ ಹೋದ. ಕೆಲಸ ಅವನಿಗೆ ತಿಳಿಯಿತು: ಎದುರಿಗೆ ನಿಂತವನನ್ನು ಗೋಡೆಯಂತೆ ತಡೆದು ಪಕ್ಕಕ್ಕೆ ಸರಿಸುವುದು, ಹಿಂದಿನಿಂದ ಓಡಿ ಬರುವ ಋಷಭ್‌ಗೆ ದಾರಿ ಮಾಡುವುದು. ಋಷಭ್ ಹಿಮಾಯತ್‌ನಗರದ ಬಟ್ಟೆ ಅಂಗಡಿಯವರ ಮಗ, ಮೂಲ ಕಲಬುರಗಿ. ಹೆಸರಿನ ಅರ್ಥ ಎತ್ತು ಎಂದೇ ಆದರೂ, ಪ್ರತಿ ಸಲ ಬಿದ್ದಾಗ ಅವನನ್ನು ಯಾರಾದರೂ ಎತ್ತಬೇಕಾಗುತ್ತಿತ್ತು. ಆ ಕೆಲಸವೂ ಮೌನಪ್ಪನದೇ ಆಯಿತು. ಆಟ ನಿಲ್ಲಿಸುವ ಸೀಟಿ ಹೊಡೆದ ಕೂಡಲೇ ಹೋಗಿ, ಕೈ ಹಿಡಿದು, ಒಂದೇ ಸೆಳೆತಕ್ಕೆ ನಿಲ್ಲಿಸುತ್ತಿದ್ದ.

ಒಂದು ದಿನ ಜರ್ಸಿ ಕೊಟ್ಟರು. ಅದರ ಬೆನ್ನ ಮೇಲೆ ಅರವತ್ತನಾಲ್ಕು ಎಂಬ ಅಂಕಿ, ಮೇಲೆ ಅವನ ಹೆಸರು. ಹದಿನಾಲ್ಕು ವರ್ಷ ಅವನ ಬೆನ್ನ ಮೇಲೆ ಚೀಲದಿಂದ ಇಳಿದ ಸಿಮೆಂಟ್ ಕಂಪನಿಯ ಹೆಸರೇ ಮೂಡಿರುತ್ತಿತ್ತು. ಜರ್ಸಿಯನ್ನು ಶೆಡ್ಡಿಗೆ ತಂದು, ಮೊಳೆಗೆ ತೂಗುಹಾಕಿ, ಓದಲು ಬಾರದಿದ್ದರೂ ಸುಮಾರು ಹೊತ್ತು ನೋಡಿದ. ಭಾನುವಾರ ಬೆಳಿಗ್ಗೆ ಐದು ನಿಮಿಷ ತಡವಾದರೆ ಫೋನ್ ಬರತೊಡಗಿತು: “ಅಣ್ಣಾ, ಎಲ್ಲಿದ್ದೀರಿ? ನಿಮ್ಮ ಸಲುವಾಗಿ ನಿಂತೀವಿ.” ಫೋನನ್ನು ಎರಡನೆಯ ರಿಂಗಿಗೆ ಎತ್ತಿದರೆ ಬೇಗ ಮುಗಿದುಹೋಗುತ್ತದೆಂದು ಅವನು ಬೇಕೆಂದೇ ನಾಲ್ಕು ರಿಂಗ್ ಕಾಯುತ್ತಿದ್ದ. ಆಮೇಲಾಮೇಲೆ ಬೇಕೆಂದೇ ಐದು ನಿಮಿಷ ತಡ ಮಾಡುತ್ತಿದ್ದ.

ತೊಂದರೆ ಬಂದದ್ದು ಮೊದಲ ಪಂದ್ಯದಲ್ಲಿ. ಋಷಭ್ ಚೆಂಡು ಅವುಚಿಕೊಂಡು ಎದುರಾಳಿಗಳ ಗುಂಪಿನಲ್ಲಿ ಸಿಕ್ಕಿಬಿದ್ದ. ಒಂದು ಕೈಯಲ್ಲಿ ಹೊರೆ, ಇನ್ನೊಂದು ಕೈ ಖಾಲಿ, ಮೌನಪ್ಪನ ಕಣ್ಣಿಗೆ ಕಾಲ ಕೆಳಗಿನ ನೆಲವೂ ಕಡಿದು. ಅವನು ಯೋಚಿಸಲಿಲ್ಲ. ಮುಂದೆ ಹೋಗಿ ಆ ಖಾಲಿ ಕೈ ಹಿಡಿದು, ಋಷಭನ ಜೊತೆಗೆ ಅವನನ್ನು ತಬ್ಬಿದ್ದ ಇಬ್ಬರನ್ನೂ ಸೇರಿಸಿ ಗೆರೆಯ ಆಚೆ ಎಳೆದ. ತಂಡ ಕುಣಿಯಿತು. ರೆಫ್ರಿ ತಪ್ಪಾಯಿತೆಂದು ಹಳದಿ ಬಟ್ಟೆ ಎಸೆದ. ಅಂಕ ರದ್ದಾಯಿತು, ಮೇಲೆ ಐದು ಗಜ ಹಿಂದಕ್ಕೆ ಹಾಕಿದರು.

“ಮೌನಪ್ಪಾ,” ಎಂದ ಶಾಂತಕುಮಾರ, ಆಗಲೇ ಏಕವಚನಕ್ಕೆ ಇಳಿದಿದ್ದ ಪ್ರೀತಿಯಲ್ಲಿ, “ಚೆಂಡು ಹಿಡದವನ್ನ ನಮ್ಮವರು ಎಳೀಬಾರದು. ಎತ್ತಬಾರದು. ಹಿಂದಿನಿಂದ ನೂಕಬಹುದು. ಫಿಜಿಕ್ಸಿಗೆ ಎಳೆಯೋದೂ ಬಲ, ನೂಕೋದೂ ಬಲ, ಎರಡೂ ಒಂದೇ. ರೂಲ್ ಬುಕ್ಕಿಗೆ ಒಂದಲ್ಲ.”

“ಉಲ್ಟಾ ಐತಲ್ರಿ.”

“ಏನು ಉಲ್ಟಾ?”

“ಹೊತ್ತವನ ಬೆನ್ನು ಮುಟ್ಟಬಾರದ್ರಿ. ಕೈ ಕೊಡಬೇಕು.”

“ಇಲ್ಲಿ ಹಂಗಿಲ್ಲಪಾ. ಹಿಂದಕ್ಕ ಇಲ್ಲೂ ಎರಡೂ ತಪ್ಪಿತ್ತು. ಆದ್ರ ಆ ಗದ್ದಲದಾಗ ಯಾರು ಯಾರನ್ನ ನೂಕಿದ್ರು ಅಂತ ರೆಫ್ರಿಗೆ ಕಾಣಂಗಿಲ್ಲ. ಅದಕ್ಕ ನೂಕೋದನ್ನ ಬಿಟ್ಟುಬಿಟ್ರು. ಎಳದ್ರ ಎಲ್ಲರಿಗೂ ಕಾಣತದ.”

ಮೌನಪ್ಪ ಕೇಳಿದ: “ಕಾಣದಿದ್ರ ತಪ್ಪಲ್ಲ ಅಂದ್ರಿ?”

“ಆಟದಾಗ,” ಎಂದ ಶಾಂತಕುಮಾರ. ಮೇಷ್ಟ್ರಿಗೆ ಪ್ರಶ್ನೆಯ ಆಳ ತಿಳಿಯಲಿಲ್ಲ, ಸಿಲಬಸ್ಸಿನಲ್ಲಿ ಇರಲಿಲ್ಲ.

ಅಂದಿನಿಂದ ಪಾಠ ಶುರುವಾಯಿತು. ಋಷಭ್ ಚೆಂಡು ಹಿಡಿದು ಬಗ್ಗಿ ನಿಲ್ಲುವುದು, ಮೌನಪ್ಪ ಹಿಂದಿನಿಂದ ನೂಕುವುದು. ಎದುರಾಳಿಯಾದರೆ ಎಂಥ ದಪ್ಪ ಆಸಾಮಿಯನ್ನೂ ಅವನು ಮೂರು ಮಾರು ತಳ್ಳಿಬಿಡುತ್ತಿದ್ದ. ತನ್ನವನ ಬೆನ್ನು ಬಂದರೆ ಮಾತ್ರ ಅಂಗೈ ಒಂದು ಗೇಣು ದೂರದಲ್ಲಿ ನಿಂತುಬಿಡುತ್ತಿತ್ತು, ಬಿಸಿ ಹಂಚಿನ ಮೇಲೆ ಹಿಡಿದಂತೆ.

“ಅಣ್ಣಾ, ನಾಚಿಗಿ ಯಾಕ್ರಿ? ನಾ ಏನ್ ಹೊಸ ಮದಿಮಗಳೇನು?” ಎಂದು ಋಷಭ್ ಬಗ್ಗಿದಲ್ಲಿಂದಲೇ ಕೇಳಿದ. ಎಲ್ಲರೂ ನಕ್ಕರು. ಮೌನಪ್ಪನೂ ನಗಲು ನೋಡಿದ. ಕೈ ಮುಂದಕ್ಕೆ ಹೋಗಲಿಲ್ಲ. ಆಮೇಲಿನ ಎರಡು ಪಂದ್ಯದಲ್ಲಿ ಇನ್ನೂ ಎರಡು ಸಲ ಎಳೆದ, ಎರಡು ಸಲ ಹಳದಿ ಬಟ್ಟೆ ಬಿತ್ತು.

ಸೆಮಿಫೈನಲ್‌ಗೆ ಮುಂಚಿನ ಭಾನುವಾರ ಶಾಂತಕುಮಾರ ಅವನನ್ನು ಪಕ್ಕಕ್ಕೆ ಕರೆದ. “ನೋಡು ತಮ್ಮಾ, ಇನ್ನೊಮ್ಮೆ ಎಳದ್ರ ನಾ ನಿನ್ನ ಟೀಮಿನಾಗ ಇಟ್ಟುಕೊಳ್ಳಾಕ ಆಗಂಗಿಲ್ಲ. ಹುಡುಗ್ರು ಕೇಳಾಕತ್ತಾರ. ನೂಕಾಕ ಆಗ್ತದೋ, ನೂಕು. ಆಗಂಗಿಲ್ಲೋ, ಕೈ ಹಿಂದ ಕಟ್ಟಿಕೊಂಡು ನಿಂದ್ರು. ಅಷ್ಟರ ಮಾಡು.”

ಆ ವಾರವೆಲ್ಲ ಮೌನಪ್ಪ ಹಲಗೆ ಹತ್ತುವಾಗ ಲೆಕ್ಕ ಹಾಕಿದ್ದು ಚೀಲವನ್ನಲ್ಲ, ಭಾನುವಾರಗಳನ್ನು. ಭಾನುವಾರ ಹೋದರೆ ವಾರಕ್ಕೆ ಏಳು ಸೋಮವಾರ.

ಸೆಮಿಫೈನಲ್ ಎದುರಾಳಿ ಮೆಹದಿಪಟ್ನಂ ಕಡೆಯ ತಂಡ. ಕೊನೆಯ ನಿಮಿಷಕ್ಕೆ ಬುಲ್‌ಡೋಜರ್ಸ್ ನಾಲ್ಕು ಅಂಕ ಹಿಂದೆ. ಗೆರೆ ಒಂದೇ ಗಜ ದೂರ, ಉಳಿದದ್ದು ಒಂದೇ ಪ್ರಯತ್ನ. ದಾಟಿದರೆ ಆರು ಅಂಕ, ಫೈನಲ್. ಚೆಂಡು ಋಷಭ್‌ಗೆ ಎಂದು ಎಲ್ಲರಿಗೂ ಗೊತ್ತಿತ್ತು, ದಾರಿ ಮೌನಪ್ಪನ ಬದಿಯಿಂದ ಎಂದೂ ಗೊತ್ತಿತ್ತು.

ಚೆಂಡು ಋಷಭನ ಕೈಗೆ ಬಂತು. ಮೌನಪ್ಪ ತನ್ನೆದುರಿನವನನ್ನು ನೆಲಕ್ಕೆ ಒರಗಿಸಿ ಎದ್ದ. ಋಷಭ್ ಅದೇ ಸಂದಿಯಲ್ಲಿ ನುಗ್ಗಿ ಅವನನ್ನು ದಾಟಿ ಅರ್ಧ ಹೆಜ್ಜೆ ಮುಂದೆ ಹೋದ, ಅಲ್ಲಿ ಮೂವರು ಸೇರಿ ಅವನನ್ನು ಹಿಡಿದರು. ಬೀಳಲಿಲ್ಲ. ನಿಂತ. ಎದೆ ಗೆರೆಗಿಂತ ಒಂದು ಗೇಣು ಈಚೆ. ಬಗಲಲ್ಲಿ ಚೆಂಡು, ಬಗ್ಗಿದ ತಲೆ, ಉಬ್ಬಿದ ಬೆನ್ನು, ಗಾಳಿಯಲ್ಲಿ ತಡಕಾಡುವ ಒಂದು ಖಾಲಿ ಕೈ.

“ಧಕ್ಕಾ ಮಾರೋ!” “ನೂಕ್ರಿ ಅಣ್ಣಾ, ನೂಕ್ರಿ!” ಹಿಂದಿನಿಂದ ಎಂಟು ಗಂಟಲು ಕೂಗಿದವು.

ಮೌನಪ್ಪನ ಕೈ ಬೆನ್ನಿನ ತನಕ ಹೋಯಿತು. ಅಲ್ಲಿ ಅವನಿಗೆ ಜರ್ಸಿ ಕಾಣಲಿಲ್ಲ, ಬೆವರಿಗೆ ಅಂಟಿದ ಒಂದು ಹಳೆಯ ಬನಿಯನ್ ಕಂಡಿತು. ಕೈ ಅಲ್ಲಿಂದ ಖಾಲಿ ಕೈಯ ಕಡೆ ಹೊರಳಿತು. ಅಲ್ಲಿ ಶಾಂತಕುಮಾರ ನೆನಪಾದ, ಏಳು ಸೋಮವಾರ ನೆನಪಾದವು. ಮೌನಪ್ಪ ಎರಡೂ ಕೈಯನ್ನು ಹಿಂದಕ್ಕೆ ತಂದು, ಒಂದರಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡು, ಪ್ರಾರ್ಥನೆಗೆ ನಿಂತ ಶಾಲೆಯ ಹುಡುಗನಂತೆ ನಿಂತ.

ಋಷಭ್ ಮೆಲ್ಲಗೆ, ಮಳೆಗೆ ನೆನೆದ ಗೋಡೆಯ ಹಾಗೆ ಕುಸಿದ. ಒಂದು ಗೇಣು ಈಚೆ.

ಹಳದಿ ಬಟ್ಟೆ ಬೀಳಲಿಲ್ಲ. ಯಾರೂ ಬೈಯಲಿಲ್ಲ. “ಇರಲಿ ಬಿಡು, ನೀ ಏನೂ ತಪ್ಪು ಮಾಡಲಿಲ್ಲ,” ಎಂದ ಶಾಂತಕುಮಾರ, ಬೇರೆ ಕಡೆ ನೋಡುತ್ತ. ನೆಲಕ್ಕೆ ಬಿದ್ದ ಋಷಭನನ್ನು ಮೆಹದಿಪಟ್ನಂನವನೊಬ್ಬ ಕೈ ಹಿಡಿದು ಎಬ್ಬಿಸಿದ. ಋಷಭ್ ಹೆಲ್ಮೆಟ್ ತೆಗೆದು ಮೌನಪ್ಪನ ಮುಂದೆ ಬಂದು ನಿಂತ. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

“ಅಣ್ಣಾ, ನೀವು ನನ್ನ ಬಾಜೂಕ ಇದ್ರಿ ಅಲ್ಲಾ?”

“ಇದ್ದೆ.”

“ಹೌದಾ?” ಎಂದ ಋಷಭ್. “ನಾ ಒಬ್ಬನೇ ಅದೀನಿ ಅಂತ ತಿಳಕೊಂಡಿದ್ದೆ.”

ಸಂಜೆ ತಂಡದವರು ಎರಡು ಕಾರು ತುಂಬಿಕೊಂಡು ನಾರಾಯಣಗೂಡಕ್ಕೆ ಬಿರಿಯಾನಿಗೆ ಹೋದರು. ಮೌನಪ್ಪನಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಮೌನ ಅವನೊಬ್ಬನ ಸ್ವತ್ತಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಜರ್ಸಿಗಳನ್ನು ಮುಂದಿನ ಸೀಸನ್ನಿಗೆಂದು ವಾಪಸು ಪಡೆದಿದ್ದರು. ಶೆಡ್ಡಿನ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

ಅದರ ಕೆಳಗೆ ಕೂತು, ಬಾಯಿಪಾಠವಿದ್ದ ನಂಬರು ಒತ್ತಿದ.

“ಯಾರು?”

“ನಾನು.”

“ನಾನು ಅಂದ್ರ? ನಾನೂ ನಾನೇ ಅದೀನಿ.”

“ಮೌನಪ್ಪ.”

ಆ ಕಡೆಯಿಂದ ಲಾರಿಯೊಂದು ಹಾದುಹೋದ ಸದ್ದು ಕೇಳಿತು. ಆಮೇಲೆ ಕಾಶಿನಾಥನ ದನಿ: “ಹೋ, ಮೌನ್ಯಾ. ಫೋನ್ ಮಾಡಿದ್ರ ಮಾತಾಡಬೇಕಾಗ್ತೈತಿ, ಗೊತ್ತೈತಿಲ್ಲೋ?”

ಮೌನಪ್ಪ ಮಾತಾಡಿದ. ಬೇರೇನೂ ತೋಚದೆ ಆಟದ ವಿಷಯ ಹೇಳಿದ. ಎರಡು ವರ್ಷದಲ್ಲಿ ಆಡದಷ್ಟು ಮಾತು ಒಮ್ಮೆಗೇ ಬಂತು: ಚೆಂಡು, ಗೆರೆ, ಸೀಟಿ, ಹಳದಿ ಬಟ್ಟೆ, ನೂಕಬಹುದು, ಎಳೆಯಬಾರದು.

“ಎಂಥಾ ಹುಚ್ಚ ಆಟಲೇ ಅದು? ಹೊತ್ತವನಿಗೆ ಕೈ ಕೊಟ್ರ ತಪ್ಪಂತ? ಮತ್ತ ನೀ ಏನ್ ಮಾಡ್ದಿ?”

“ಏನೂ ಮಾಡಲಿಲ್ಲ. ಕೈ ಹಿಂದ ಕಟ್ಟಿಕೊಂಡೆ.”

“ಅವಾ ಬಿದ್ನೇನು?”

“ಬಿದ್ದ.”

“ಎಬ್ಬಿಸಿದೇನು?”

“ಎದುರಿನವರು ಎಬ್ಬಿಸಿದ್ರು.”

“ಸೀಟಿ ಹೊಡದ ಮ್ಯಾಲೂ ಎಳೀಬಾರದಂತ ಐತೇನು ನಿಮ್ಮ ಪುಸ್ತಕದಾಗ?”

“ಇಲ್ಲ.”

“ಹಂಗಾರ?”

“ಕಾಶೀ, ಅವತ್ತು ಹಲಗೀ ಮ್ಯಾಲ...”

“ಗೊತ್ತೈತಿ ಬಿಡು. ಒಂಬತ್ತು ವರ್ಷ ಹಿಡದ ಕೈ ಗುರ್ತು ಸಿಗಂಗಿಲ್ಲೇನು? ಕೈ ಹಚ್ಚಿದಿ ಅಂತ ಸಿಟ್ಟಿಲ್ಲ ನನಗ. ಮಳೀ ಬಂದಿತ್ತು, ಗಡಿಬಿಡಿ ಇತ್ತು, ನಾನರ ಅಲ್ಲೇ ಯಾಕ ನಿಲ್ಲಬೇಕಿತ್ತು? ಆದ್ರ ಬಿದ್ದ ಮ್ಯಾಲ ಆರು ತಿಂಗಳು ಬಾಗಲಾ ನೋಡಕೋತ ಮಲಗಿದ್ನೆಲೇ. ಸುಗಲಮ್ಮ ದಿನಾ ಕೇಳಾಕಿ, ಯಾರ ಹಾದಿ ಕಾಯಾಕತ್ತೀರಿ ಅಂತ. ಏನ್ ಹೇಳ್ಲಿ ಹೆಂಡತಿಗೆ?”

“ದವಾಖಾನಿಗೆ ಬಾಳೆಹಣ್ಣು ಕಳಿಸಿದ್ದೆ.”

“ಯಾವ ಬಾಳೆಹಣ್ಣು?” ಎಂದ ಕಾಶಿನಾಥ. ಆಮೇಲೆ, “ಗಿರಾಕಿ ಬಂದಾರ, ಇಡ್ತೀನಿ,” ಎಂದು ಇಟ್ಟುಬಿಟ್ಟ. ಬಾ ಎನ್ನಲಿಲ್ಲ.

ಮರುದಿನ ಮೌನಪ್ಪ ಮೇಸ್ತ್ರಿಯ ಮುಂದೆ ನಿಂತ. “ಎರಡು ದಿನ ರಜಾ ಬೇಕ್ರಿ. ಊರಿಗೆ.”

“ಊರಿಗಾ?” ಗುರುಬಸವ ನಿಜವಾಗಿ ಬೆರಗಾದ. “ನಿನಗ ಯಾವ ಊರೋ? ಯಾರದಾರ ಅಲ್ಲಿ?”

“ಜೋಡಿ ಅದಾನ್ರಿ.”

“ಗುರುವಾರ ಸ್ಲ್ಯಾಬ್ ಐತಿ ನೋಡು. ಅಷ್ಟರಾಗ ಬರಬೇಕು.”

ಲಿಂಗಂಪಲ್ಲಿ ಸ್ಟೇಶನ್ನಿನ ಹೊರಗೆ ಒಂದು ಡಜನ್ ಬಾಳೆಹಣ್ಣು ತೆಗೆದುಕೊಂಡ. ಈ ಸಲ ನಡುವೆ ವಾಚ್‌ಮನ್ ಇರಲಿಲ್ಲ. ವಾಡಿಯ ಕಡೆ ಹೋಗುವ ಗಾಡಿ ಬಂದಾಗ ಜನರಲ್ ಡಬ್ಬಿಯ ಬಾಗಿಲಲ್ಲೇ ಜನ ಗಂಟುಬಿದ್ದಿದ್ದರು. ಮೌನಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಸಿಕ್ಕಿಕೊಂಡ. ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದು ಕೈ ಖಾಲಿ. ಒಳಗಿನಿಂದ ಯಾರೂ ಆ ಕೈ ಹಿಡಿಯಲಿಲ್ಲ.

ಹಿಂದಿನಿಂದ ಯಾರದೋ ಅಂಗೈ ಬಂದು ಅವನ ಬೆನ್ನಿಗೆ ಕೂತಿತು. ಒತ್ತಿತು. ತಿರುಗಿ ನೋಡುವಷ್ಟು ಜಾಗವಿರಲಿಲ್ಲ. ಮೌನಪ್ಪ ಹಣ್ಣನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು, ಆ ಕೈ ಒತ್ತಿದ ಕಡೆಗೆ ಹೋದ.

ವಾಡಿಯ ತನಕ ಕೂರಲು ಜಾಗ ಸಿಗಲಿಲ್ಲ. ಹಣ್ಣು ಒಂದೂ ನಲುಗಲಿಲ್ಲ.